ಅನುಭವ: ಇಲ್ಲ

ಅಮ್ಮ ದೊಡ್ಡಬಳ್ಳಾಪುರದಲ್ಲಿ ಬೇರೆಯವರ ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಸೀರೆ ನೇಯ್ದಳು. ಸೀರೆಗಳು ಅಂಗಡಿಯಲ್ಲೇ ಉಳಿಯತೊಡಗಿದಾಗ ಮಾಲೀಕರು ಮೊದಲು ಒಂದು ಪಾಳಿ ನಿಲ್ಲಿಸಿದರು. ಆಮೇಲೆ ಆರು ಮಗ್ಗಗಳಲ್ಲಿ ನಾಲ್ಕನ್ನು ಗುಜರಿಗೆ ಹಾಕಿದರು. ಹಾಗೆ ಹೋದದ್ದರಲ್ಲಿ ಅಮ್ಮನದು ಮೂರನೆಯ ಮಗ್ಗ.

ಆಗ ನಾನು ಎಂ.ಎ. ಮುಗಿಸಿ, ಕೆಲಸ ಕಳೆದುಕೊಂಡ ಹೆಂಗಸರಿಗೆ ಹೊಲಿಗೆ ಕಲಿಸುವ ಕೇಂದ್ರವೊಂದರಲ್ಲಿ ಗುತ್ತಿಗೆಯ ಮೇಲೆ ಅರ್ಜಿ ತುಂಬುವ ಕೆಲಸದಲ್ಲಿದ್ದೆ. ಮೂರು ತಿಂಗಳ ತರಬೇತಿ, ಆಮೇಲೆ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ. ನಿಯಮ ಒಂದೇ: ಯಾವ ಕಸುಬೂ ಗೊತ್ತಿಲ್ಲದವರಿಗೆ ಮಾತ್ರ ಸೀಟು.

ಅಮ್ಮನ ಅರ್ಜಿಯನ್ನು ಮನೆಗೇ ತಂದೆ. ‘ಅನುಭವ’ ಎಂಬಲ್ಲಿ ಪೆನ್ನು ನಿಂತಿತು.

"ಮಗ್ಗ ಅಂತ ಬರಿಯೇ."

"ಹಂಗೆ ಬರೆದ್ರೆ ಸೀಟು ಸಿಗಲ್ಲಮ್ಮ. ‘ಇಲ್ಲ’ ಅಂತ ಬರೀತೀನಿ."

"ಇಲ್ವಾ? ಇಪ್ಪತ್ತಾರು ವರ್ಷ ನಾನೇನು ಶೆಡ್ಡಲ್ಲಿ ಕಡ್ಲೆಕಾಯಿ ಬಿಡಿಸ್ತಿದ್ನಾ?"

‘ಇಲ್ಲ’ ಎಂದು ಬರೆದೆ. ನನ್ನ ಕೈಬರಹ ದುಂಡಗಿದೆ, ಎಲ್ಲರೂ ಹೊಗಳುತ್ತಾರೆ.

ಮೊದಲ ದಿನ, ನನಗಿಂತ ಚಿಕ್ಕ ವಯಸ್ಸಿನ ಟೀಚರ್ ಅಮ್ಮನ ಬೆರಳು ಹಿಡಿದು, "ದಾರಕ್ಕೆ ಗಂಟು ಹಾಕೋದು ಹಿಂಗೆ ಆಂಟಿ" ಎಂದು ಕಲಿಸಿದಳು. ಓಡುವ ಮಗ್ಗದಲ್ಲಿ ಕೂದಲಿಗಿಂತ ಸಣ್ಣ ಎಳೆ ಕಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕುತ್ತಿದ್ದವಳು ಎರಡು ಸಲ ಬೇಕೆಂದೇ ತಪ್ಪು ಮಾಡಿದಳು. ಗೊತ್ತಿದೆಯೆಂದು ತೋರಿಸಬೇಡ ಎಂದು ನಾನೇ ಹೇಳಿದ್ದೆ.

ಫ್ಯಾಕ್ಟರಿಯಲ್ಲಿ ಅಮ್ಮನಿಗೆ ಬೇಕಿದ್ದದ್ದು ಬಟ್ಟೆ ಪರೀಕ್ಷಿಸುವ ಮೇಜಿನ ಕೆಲಸ. ಅಲ್ಲಿ ಕೂರಬಹುದು, ಮಗ್ಗದ ಮುಂದೆ ನಿಂತು ನಿಂತು ಅವಳ ಮಂಡಿ ಸವೆದಿತ್ತು. ಬಟ್ಟೆಯಲ್ಲಿ ಒಂದೆಳೆ ತಪ್ಪಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ತರಬೇತಿ ಮುಗಿದಾಗ ಫ್ಯಾಕ್ಟರಿಯಿಂದ ಬಂದ ಅಧಿಕಾರಿ ಅರ್ಜಿ ತಿರುವಿ ನೋಡಿದರು.

"ಅನುಭವ ಇಲ್ವಲ್ಲಮ್ಮ. ಹೆಲ್ಪರ್‌ಗೆ ಹಾಕ್ತೀವಿ. ದಾರ ಕಟ್ ಮಾಡೋದು, ನಿಂತ್ಕೊಂಡು."

ನಾನು ಎದ್ದೆ. "ಸಾರ್, ಇವರಿಗೆ ಇಪ್ಪತ್ತಾರು ವರ್ಷ ಮಗ್ಗದ ಅನುಭವ ಇದೆ."

"ಹಂಗಾದ್ರೆ ಇದನ್ನ ತುಂಬಿದ್ದು ಯಾರು?"

ಕೇಂದ್ರದ ಮುಖ್ಯಸ್ಥರು ಪಕ್ಕದಲ್ಲೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: "ನಾನೇ ಹಂಗೆ ಬರೆಸ್ದೆ ಸಾರ್. ಆ ಹುಡುಗಿಗೇನು ಗೊತ್ತು?"

ಆ ಹುಡುಗಿ ಕುಳಿತುಕೊಂಡಳು.

ಅಧಿಕಾರಿ ಅರ್ಜಿಯಲ್ಲಿದ್ದದ್ದನ್ನೇ ಲೆಕ್ಕಕ್ಕೆ ಹಿಡಿದರು. ಅಮ್ಮ ಈಗ ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿನಲ್ಲಿ ಹೋಗಿ, ದಿನವಿಡೀ ನಿಂತು, ಹೊಲಿಗೆಯಿಂದ ಇಳಿಬಿದ್ದ ದಾರಗಳನ್ನು ಕತ್ತರಿಸುತ್ತಾಳೆ. ಒಮ್ಮೆ ಶರ್ಟಿನ ಬಟ್ಟೆಯಲ್ಲೇ ಎಳೆ ತಪ್ಪಿದ್ದನ್ನು ತೋರಿಸಿದ್ದಕ್ಕೆ, "ನಿಮ್ ಕೆಲ್ಸ ನೀವು ನೋಡ್ಕೊಳಿ" ಅಂದರಂತೆ. ಹೇಳಿ ನಕ್ಕಳು. ಮಂಡಿಗೆ ಎಣ್ಣೆ ಹಚ್ಚಲು ಹೋದರೆ, ಬಾಟಲಿ ನನ್ನ ಕೈಯಿಂದ ತೆಗೆದುಕೊಂಡು ತಾನೇ ಹಚ್ಚಿಕೊಳ್ಳುತ್ತಾಳೆ.

ಸೀಟುಗಳೆಲ್ಲ ಭರ್ತಿಯಾಗಿದ್ದರಿಂದ ನನ್ನ ಗುತ್ತಿಗೆ ಮುಂದುವರಿಯಿತು. ಮೊನ್ನೆ ಹೊಸ ತಂಡಕ್ಕೆ ಅರ್ಜಿ ಕೊಡಲು ಅದೇ ಶೆಡ್ಡಿನಲ್ಲಿ ಈಗ ನಿಂತುಹೋದ ಕೊನೆಯ ಮಗ್ಗದ ಅಕ್ಕ ಬಂದಿದ್ದರು. ಈ ಸಲ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ: ‘ಮಗ್ಗ’ ಎಂದು ಬರೆದರೆ ಇಲ್ಲಿ ಸೀಟಿಲ್ಲ, ‘ಇಲ್ಲ’ ಎಂದು ಬರೆದರೆ ಅಲ್ಲಿ ಹೆಲ್ಪರ್, ಅಮ್ಮನಿಗೆ ಆದದ್ದೇ ಆಗುತ್ತದೆ.

"ನಿಮ್ಮಮ್ಮಂಗೆ ಕೆಲ್ಸ ಆದ್ರೂ ಐತಲ್ಲವ್ವ. ಬರಿ, ಬರಿ," ಅಂದರು.

ದುಂಡಗೆ ಬರೆದೆ.