ಗ್ರಹಣದ ಹೊತ್ತಿನಲ್ಲಿ ಅಳಿಸಿದ ಕ್ಲಸ್ಟರುಗಳು

ಐದು ಗಂಟೆಗೆ ಸೂರ್ಯಗ್ರಹಣ ಹಿಡಿಯುವುದಿತ್ತು. ಬನಹಟ್ಟಿಯ ನಮ್ಮ ಮನೆಯ ಒಳಕೋಣೆಯ ಕಿಟಕಿಗೆ ನಾನೇ ಕೌದಿ ಕಟ್ಟಿ, ಏಳು ತಿಂಗಳ ಬಸುರಿ ಸೊಸೆಯನ್ನು ಚಾಪೆಯ ಮೇಲೆ ಕೂಡಿಸಿದೆ. ಗ್ರಹಣ ಬಿಡುವವರೆಗೆ ಅವಳು ಹೊರಗೆ ಬರಬಾರದು, ಏನನ್ನೂ ಕಡಿಯಬಾರದು, ಮುರಿಯಬಾರದು. ಮಗ ಜಮಖಂಡಿಗೆ ಹೋಗಿದ್ದ. ಮಗ್ಗಗಳು ನಿಂತು ಓಣಿಯೆಲ್ಲ ಗಪ್ಪಾಗಿತ್ತು.

ಈ ವಿಷಯದಲ್ಲಿ ನಾನು ಹಟಮಾರಿ. ಮಗ ಹೊಟ್ಟೆಯಲ್ಲಿದ್ದಾಗ ಒಮ್ಮೆ ಗ್ರಹಣದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದ್ದೆ. ಅವನು ಸೀಳಿದ ತುಟಿಯೊಂದಿಗೆ ಹುಟ್ಟಿದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಆಗಲೇ ಹೇಳಿದ್ದರು, ಹೊಲಿದು ಸರಿಮಾಡಿಯೂ ಕೊಟ್ಟರು, ಅದು ತಾಯಿ ಬನಶಂಕರಿಯ ದಯೆ. ಆದರೆ ನಮ್ಮತ್ತೆ ಸಾಯುವವರೆಗೂ ಈಳಿಗೆ ಕಂಡಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು.

ಸೊಸೆ ಮನೆಯಲ್ಲೇ ಕೂತು ಒಂದು ಕಂಪನಿಯ ಕೆಲಸ ಮಾಡುತ್ತಾಳೆ. ನಾಡಿದ್ದು ಅವಳ ತವರಿನವರು ಮುಧೋಳದಿಂದ ಕರೆಯಲು ಬರುವವರಿದ್ದರು. ಗ್ರಹಣ ಹಿಡಿದು ಕಾಲು ತಾಸಾಗಿತ್ತು, ಅವಳ ಮ್ಯಾನೇಜರ್ ಫೋನು ಮಾಡಿದರು. ಮುಗಿದುಹೋದ ಕೆಲಸದ ಎರಡು ಕ್ಲಸ್ಟರುಗಳು ಇನ್ನೂ ಓಡುತ್ತಿವೆಯಂತೆ. ಅವನ್ನೂ ಅವಕ್ಕೆ ಅಂಟಿಕೊಂಡಿದ್ದನ್ನೂ ಆರೂವರೆಯೊಳಗೆ ಅಳಿಸದಿದ್ದರೆ ಹೆರಿಗೆ ರಜೆ ಮಂಜೂರಾಗುವುದಿಲ್ಲ. ಕಾಯೋಣವೆಂದರೆ, ಗ್ರಹಣ ಬಿಡುವ ಮೊದಲೇ ಸೂರ್ಯ ಮುಳುಗುತ್ತಾನೆಂದು ಪಂಚಾಂಗದಲ್ಲಿ ಬರೆದಿತ್ತು; ಹಾಗಾದರೆ ಮರುದಿನ ಸೂರ್ಯ ಹುಟ್ಟುವವರೆಗೂ ಗ್ರಹಣ ಬಿಟ್ಟ ಲೆಕ್ಕವಲ್ಲ.

"ಕ್ಲಸ್ಟರ್ ಅಂದ್ರ ಏನಬೇ?" ಎಂದೆ.

"ಎಲ್ಲೋ ದೂರದ ಊರಾಗಿನ ಕಂಪ್ಯೂಟರ್ ರೀ ಅತ್ತಿ. ಬಾಡಿಗಿಗೆ ಹಿಡದು ಗುಂಪು ಕಟ್ಟಿರ್ತೇವಿ. ಈಗ ಸುಮ್ನ ತಿರಗಾಕತ್ತಾವ."

"ಅಳಸೂದು ಅಂದ್ರ ಕಡದಂಗ ಅಲ್ಲೇನು?"

"ಬರೇ ಗುಂಡಿ ಒತ್ತೂದ್ರಿ!"

"ಹಂಗಾದ್ರ ನಾ ಒತ್ತತೇನಿ. ನೀ ಬಾಯೀಲೆ ಹೇಳು."

ಅವಳಿಗೆ ನಗು ಬಂತು. "ನಮ್ಮ ಮ್ಯಾನೇಜರಗ ಗೊತ್ತಾದ್ರ ನಿಮಗೂ ಪಗಾರ ಕೊಡಬೇಕಾಕ್ಕೈತಿ."

ಜಪದ ಮಣಿ ಬದಿಗಿಟ್ಟು ಲ್ಯಾಪ್‌ಟಾಪ್ ನನ್ನ ಮುಂದೆ ಎಳೆದುಕೊಂಡೆ. ಮೊದಲಿಗೆ ತಪ್ಪಿ, ಗುಂಪಿನೊಳಗಿನ ಒಂದೇ ಕಂಪ್ಯೂಟರನ್ನು ಅಳಿಸಿದೆ. ತುಸು ಹೊತ್ತಿಗೆ ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತು.

"ಇದೇನಬೇ, ರಕ್ತಬೀಜಾಸುರ!"

"ಒಂದು ಬಿದ್ರ ಇನ್ನೊಂದು ನಿಂದ್ರಸು ಅಂತ ಹೇಳಿಟ್ಟೈತ್ರಿ. ಗುಂಪನ್ನ ಅಳಸಬೇಕು."

ಗುಂಪನ್ನು ಅಳಿಸಲು ಅದರ ಹೆಸರನ್ನು ಮತ್ತೆ ಬರೆಯಬೇಕು. ಅವಳು ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳುವಳು, ನನ್ನ ಬೆರಳು ಹುಡುಕುವುದು. ಒಂದು ಚಕ್ರ ಸುತ್ತುತ್ತಲೇ ಇತ್ತು. ಕೋಣೆ ಕುದಿಯುತ್ತಿತ್ತು, ಅವಳಿಗೆ ನೀರಡಿಕೆ, ನಾನು ನೀರು ಕೊಡುವಂತಿಲ್ಲ. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು, ಕೈ ಕಟ್ಟಿ ಹಾಕಿದವರ ಹಾಗೆ. ಕಟ್ಟಿದ್ದು ನಾನೇ. ಆದರೂ ಕರೆಂಟು ಹೋಗಲಿಲ್ಲ, ಫೋನಿನ ನೆಟ್ ಕೈಕೊಡಲಿಲ್ಲ, ನಡುವೆ ಕೂಸು ಒಮ್ಮೆ ಜೋರಾಗಿ ಒದ್ದಿತು. ಇಷ್ಟಾದರೂ ಇದೆಯಲ್ಲ ಎಂದು ಒಳಗೇ ಕೈಮುಗಿದೆ.

ಎರಡೂ ಗುಂಪು ಹೋದವು. ಅವು ಮಾಹಿತಿ ತುಂಬಿಡುವ ಡಿಸ್ಕುಗಳು ಮಾತ್ರ ತಾವಾಗಿ ಹೋಗುವುದಿಲ್ಲವಂತೆ, ಒಂದೊಂದನ್ನೇ ಹುಡುಕಿ ಅಳಿಸಬೇಕು. ಐದನ್ನು ಅಳಿಸಿದೆ. ಆರನೆಯದಕ್ಕೆ ಹೆಸರೇ ಇರಲಿಲ್ಲ.

"ಇದೂ ನಮ್ಮದ ಇರಬೇಕ್ರಿ."

"ಇರಬೇಕೋ, ಐತೋ?"

ಅವಳು ಜೊತೆ ಕೆಲಸ ಮಾಡುವವಳಿಗೆ ಎರಡು ಸಲ ಫೋನು ಹಚ್ಚಿದಳು, ಆಕೆ ಎತ್ತಲಿಲ್ಲ; ಇವಳು ಕೈಯನ್ನು ಮತ್ತೆ ತೊಡೆಯ ಕೆಳಗೆ ಒತ್ತಿಕೊಂಡಳು.

"ಹ್ವಾದ್ರ ತಿರುಗಿ ಬರತೈತೇನು?"

"ಬರಂಗಿಲ್ರಿ. ಬ್ಯಾರೇದಾರದು ಇತ್ತಂದ್ರ ನನ್ನ ನೌಕರೀನೂ ಹೊಕ್ಕೈತಿ."

"ಹಂಗಾದ್ರ ಖಾತ್ರಿ ಇಲ್ಲದ್ದನ್ನ ನಾ ಒತ್ತಂಗಿಲ್ಲ, ನೋಡು."

ಆರೂ ಇಪ್ಪತ್ತಾಗಿತ್ತು. ಅವಳ ಕಣ್ಣು ತುಂಬಿದವು. "ಅತ್ತೀ, ನನಗ ನಮ್ಮವ್ವನ ಕಡೆ ಹೋಗಬೇಕ್ರಿ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಮುಂದೆ ಬಾಗಿ ಪರದೆಯನ್ನು ಬಹಳ ಹೊತ್ತು ನೋಡಿದಳು. ಆ ಡಿಸ್ಕನ್ನು ಮಾಡಿದ ತಾರೀಖು ಅಲ್ಲಿತ್ತು.

"ಇದ ದಿನಾ ನಾ ಮೊದಲ ಸಲ ವಾಂತಿ ಮಾಡಿಕೊಂಡಿದ್ದೆ. ಬಾಯಿ ತೊಳಕೊಂಡು ಬಂದು ಇದನ್ನ ಮಾಡೀನಿ. ನಂದ ಇದು."

ಈಗ ಖಾತ್ರಿಯಾಗಿತ್ತು, ನಾನು ಒತ್ತಬಹುದಿತ್ತು. ಹೌದೇನು, ಅಲ್ಲೇನು ಎಂದು ನಾನು ಒಂದು ಉಸಿರಿನಷ್ಟು ತಡೆದೆ. ಅವಳು ತೊಡೆಯ ಕೆಳಗಿನಿಂದ ಕೈ ತೆಗೆದು, ತಾನೇ ಒತ್ತಿಬಿಟ್ಟಳು.

ಸ್ವಲ್ಪ ಹೊತ್ತಿಗೆ ರಜೆ ಮಂಜೂರಾದ ಮೇಲ್ ಬಂತು.

ಮೂರನೆಯ ದಿನ ಬೀಗರು ಬಂದರು. ಉಡಿ ತುಂಬುವಾಗ ಅವಳು ನನ್ನ ಕಿವಿಯ ಹತ್ತಿರ ಬಾಗಿ, "ಅತ್ತಿ, ಅದೊಂದು ನಿಮ್ಮ ಮಗಗ ಹೇಳಬ್ಯಾಡ್ರಿ" ಎಂದಳು.

"ಯಾವದು?" ಎಂದೆ.

ಹೆರಿಗೆಗೆ ಇನ್ನೂ ಐದು ವಾರವಿದೆ. ದಿನಾ ಫೋನಿನಲ್ಲಿ ಉಂಡಿಯೇನು, ಮಲಗಿದ್ದಿಯೇನು ಎಂದು ಕೇಳುತ್ತೇನೆ, ಅದರಾಚೆಗೆ ಬಾಯಿ ಬರುವುದಿಲ್ಲ. ಡಾಕ್ಟರು ಅಂದು ಹೇಳಿದ್ದು ಖರೆ ಎಂದು ನನಗೂ ಗೊತ್ತು. ಆದರೂ ಬೆಳಗ್ಗೆ ದೀಪ ಹಚ್ಚಿ ತಾಯಿಯ ಮುಂದೆ ಕೂತಾಗ, ಆ ಕೊನೆಯದನ್ನೂ ಒತ್ತಿದವಳು ನಾನೇ ಎಂದು ಹೇಳುತ್ತಿದ್ದೇನೆ.