ಓರೆ ಗಾಳಿಯ ಮಾಸ್ತರರು

ಕಳೆದ ಜೂನ್ ಮೊದಲ ಸೋಮವಾರ ಸದಾಶಿವ ಪೇಠದ ಕೋಚಿಂಗ್ ಕ್ಲಾಸೊಂದು ತನ್ನ ಜೆಟ್ ಎಂಜಿನ್ ಶಿಕ್ಷಕ ಶರಣಪ್ಪ ಬಿರಾದಾರರನ್ನು ಕೆಲಸದಿಂದ ತೆಗೆಯಿತು. ಅವರು ಮಾಡಿದ್ದು ಇಷ್ಟೇ: ಸರಿಯಾದ ಉತ್ತರ ಹೇಳಿಕೊಟ್ಟಿದ್ದರು.

ಶರಣಪ್ಪ ಭಾಲ್ಕಿ ಕಡೆಯವರು. ವಾಯುಪಡೆಯ ಎಂಜಿನ್ ಶಾಪಿನಲ್ಲಿ ದುಡಿದು ನಿವೃತ್ತರಾದವರು. ಕ್ಲಾಸು ನಡೆಯುತ್ತಿದ್ದ ವಾಡೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಪೈಲಟ್ ಪರೀಕ್ಷೆಗೆ ಓದುವ ಮಕ್ಕಳ ಮುಂದೆ ಅವರು ಟೇಬಲ್ ಫ್ಯಾನ್ ಹಚ್ಚಿ, ಅದು ಗಾಳಿ ಎಳೆದುಕೊಳ್ಳುವ ಹಿಂಬದಿಗೆ ರಟ್ಟೊಂದನ್ನು ಓರೆಯಾಗಿ ಹಿಡಿಯುತ್ತಿದ್ದರು. ಫ್ಯಾನಿನ ದನಿ ಒಡೆಯುತ್ತಿತ್ತು. ಕ್ಲಾಸಿನಲ್ಲಿ ಮರಾಠಿ, ನನ್ನೊಡನೆ ಕನ್ನಡ. ಅದೇ ಪಾಠವನ್ನು ಒಮ್ಮೆ ನನಗೂ ಬಿಡಿಸಿ ಹೇಳಿದ್ದರು:

"ಫ್ಯಾನ್ ಕೆಟ್ಟಿಲ್ರಿ. ಗಾಳಿ ನೆಟ್ಟಗ ಬರಲಿಲ್ಲ, ಅಷ್ಟ. ವಿಮಾನ ಮೂಗು ಭಾಳ ಎತ್ತಿತಂದ್ರ ಎಂಜಿನ್ನಿಗೂ ಹಿಂಗ ಉಸಿರು ಕಟ್ತದ, ಢಬ್ ಅಂತದ. ಆವಾಗ ಇನ್ನಷ್ಟು ಎಣ್ಣಿ ಸುರುವಿದ್ರ? ಉಸಿರು ಕಟ್ಟಿದವನ ಬಾಯಾಗ ಹೋಳಿಗಿ ತುರುಕಿದಂಗ."

ಮೊದಲು ಮೂಗು ಇಳಿಸಬೇಕು, ಇಂಧನ ಬಿಡುವ ಥ್ರಾಟಲನ್ನು ಹಿಂದೆಳೆಯಬೇಕು ಎಂಬುದು ಅವರ ಪಾಠ. ಥ್ರಾಟಲನ್ನು ಪೂರ್ತಿ ಮುಂದೊತ್ತಬೇಕು ಎಂಬುದು ಕ್ಲಾಸಿನ ಮಾಲೀಕ ಕುಲಕರ್ಣಿಯವರು ಬರೆದ ಗೈಡಿನ ಉತ್ತರ. ಕ್ಲಾಸಿನ ಟೆಸ್ಟಿನಲ್ಲಿ ಇಡೀ ಬ್ಯಾಚು ಶರಣಪ್ಪನವರ ಉತ್ತರ ಬರೆದು ಅಂಕ ಕಳೆದುಕೊಂಡಿತು. ಪಾಲಕರು ಬಂದರು. ಕುಲಕರ್ಣಿ ಸಭ್ಯರು, ಗೈಡಿನ ಉತ್ತರವೇ ಸರಿಯೆಂದು ಕ್ಲಾಸಿನಲ್ಲಿ ಒಂದು ಸಲ ಹೇಳಿಬಿಡಿ, ಕೆಲಸ ನಿಮ್ಮದೇ ಎಂದರು. ಹೆಂಡತಿ ತೀರಿಕೊಂಡ ಮೇಲೆ ಶರಣಪ್ಪನವರಿಗೆ ಇಸ್ತ್ರಿ ಅಂಗಿ ತೊಡಲು ಉಳಿದಿದ್ದ ಕಾರಣ ಆ ಕ್ಲಾಸೊಂದೇ. ಒಪ್ಪಿದರು.

ಆ ಸೋಮವಾರ ಮಾಲೀಕರು ಬಾಗಿಲಲ್ಲಿ ನಿಂತರು. ಅವರ ಹಿಂದೆ, ಕುತೂಹಲಕ್ಕೆ ಇಳಿದುಬಂದ ನಾನು. ಶರಣಪ್ಪ ಗೈಡಿನ ಉತ್ತರವನ್ನು ಮರಾಠಿಯಲ್ಲಿ ತಪ್ಪಿಲ್ಲದೆ ಓದಿ, ಇದೇ ಸರಿ ಎಂದರು. ಮುಂದಿನ ಬೆಂಚಿನ ಹುಡುಗಿ ಅದನ್ನು ಬರೆದುಕೊಂಡಳು. ನಿಜವಾದ ವಿಮಾನದಲ್ಲೂ ಹೀಗೇ ಮಾಡಬೇಕೇ ಎಂದು ಕೇಳಿದಳು.

ಅವರು ಚಾಕ್ ಕೆಳಗಿಟ್ಟರು.

"ಅಲ್ಲಿ ಮೂಗು ಇಳಸವ್ವಾ, ಇಳಸು."

ಬಂದದ್ದು ಕನ್ನಡ. ಆ ಕೋಣೆಯಲ್ಲಿ ಅದು ತಿಳಿಯುತ್ತಿದ್ದುದು ನನಗೊಬ್ಬನಿಗೆ. ಆದರೆ ಅವರ ಬಲಗೈ ವಿಮಾನದಂತೆ ಚಾಚಿಕೊಂಡು ತುದಿ ಬಾಗಿಸಿತ್ತು. ಅದು ಮಾಲೀಕರಿಗೂ ತಿಳಿಯಿತು.

ಆ ವಾರವೇ ಅವರು ಭಾಲ್ಕಿಗೆ ಹೊರಟರು. "ಓದೋದು ನೆಟ್ಟಗ ಓದಿದ್ನಲ್ರಿ?" ಎಂದು ಬಸ್ಸಿನ ಕಿಟಕಿಯಿಂದ ಕೇಳಿದರು. ಹೌದೆಂದೆ.

ಗೈಡಿನ ಹೊಸ ಆವೃತ್ತಿ ಜನವರಿಯಲ್ಲಿ ಬಂತು. ಮುನ್ನುಡಿಯಲ್ಲಿ ಶರಣಪ್ಪನವರಿಗೆ ಕೃತಜ್ಞತೆ ಹೇಳಲಾಗಿದೆ. ಉತ್ತರ ಬದಲಾಗಿಲ್ಲ.