ಮರಾಠಿ ದಿವಾಳಿ, ಕನ್ನಡ ದಿವಾಳಿ

ಮೊನ್ನೆ ಶೋಭಾತಾಯಿ ಚಕ್ಕುಲಿಯ ಡಬ್ಬಿ ತಂದಿಟ್ಟರು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬದ ಬಾಣಲೆ ಇಡಬಾರದು, ನೆರೆಯವರೇ ತಂದುಕೊಡಬೇಕು ಎಂಬುದು ಅವರ ಕಡೆಯ ಪದ್ಧತಿ. ಮುಚ್ಚಳ ತೆಗೆದರೆ ಓಮದ ವಾಸನೆ. ಅದರ ಹಿಂದೆಯೇ ಒಂದು ಹಳೆಯ ಸಂಜೆ ಬಂತು, ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತಿದ್ದ ಕೊನೆಯ ಸಂಜೆ.

ಆಗ ದಹಿಸರಿನಲ್ಲಿ ನಮಗೆ ಸ್ವಂತ ಮನೆಯಿತ್ತು. ನಮ್ಮ ಯಜಮಾನರು ವಿಜಯಪುರದವರು, ಕಾಂದಿವಲಿಯಲ್ಲಿ ಶಾಲೆಯ ಬ್ಯಾಗು ಹೊಲಿಸುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. ಅಂದು ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಎದುರುಮನೆಯ ಶೋಭಾತಾಯಿ ಮರಾಠಿಯಲ್ಲಿ, "ಕಾಯ್ ಭಾವೋಜಿ, ದಿವಾಳೀಚೀ ತಯಾರಿ ಝಾಲೀ ಕಾ?" ಎಂದು ದೀಪಾವಳಿಯ ತಯಾರಿ ಕೇಳಿದರು.

"ಝಾಲೀ ತಾಯಿ, ಉದ್ಯಾಚ್ ಆಹೇ!" ತಯಾರಿ ಆಗಿದೆ, ನಾಳೆಯೇ ದಿವಾಳಿ ಎಂದು ಇವರು ನಕ್ಕರು.

ಹಬ್ಬ ಇನ್ನೂ ಎರಡು ವಾರ ದೂರವಿತ್ತು. "ನಾಳೆ ಎಲ್ಲಿ ಬಂತ್ರೀ ಹಬ್ಬ? ಕ್ಯಾಲೆಂಡರ್ ನೋಡ್ರಿ," ಎಂದೆ, ಬಹಳ ತಿಳಿದವಳಂತೆ.

"ಅಕೀ ಮರಾಠಿ ದಿವಾಳಿ ಕೇಳಿದ್ಲು. ನಾ ಕನ್ನಡ ದಿವಾಳಿ ಹೇಳಿದೆ."

ನಾನೂ ನಕ್ಕೆ. ಮರುದಿನ ಅವರು ವಕೀಲರ ಜೊತೆ ಕೋರ್ಟಿಗೆ ಹೋಗಿ ದಿವಾಳಿ ಅರ್ಜಿ ಹಾಕಿ ಬಂದ ಮೇಲೆ ಜೋಕು ನನಗೆ ಅರ್ಥವಾಯಿತು.

ದಿವಾಳಿ ಎಂದರೆ ಕಂಡಕಂಡವರು ಬಂದು ಬಾಚಿಕೊಂಡು ಹೋಗುವುದು ಎಂದು ನೀವೂ ತಿಳಿದಿರಬಹುದು. ಹಾಗಲ್ಲ. ಆಸ್ತಿಯೆಲ್ಲ ಕೋರ್ಟಿನ ಅಧಿಕಾರಿಯ ಕೈಗೆ ಹೋಗುತ್ತದೆ. ಬಟ್ಟೆ ಪೂರೈಸುತ್ತಿದ್ದ ಬೆಳಗಾವಿ ಕಡೆಯ ವ್ಯಾಪಾರಿಯೊಬ್ಬರು ಮೊದಲೇ ಬಾಕಿ ವಸೂಲಿಗೆ ಇವರ ಮೇಲೆ ಕೋರ್ಟಿನ ಡಿಕ್ರಿ ಪಡೆದಿದ್ದರು. ಅವರೂ ಸಾಲ ಕೊಟ್ಟ ಉಳಿದವರ ಜೊತೆ ಸಾಲಿನಲ್ಲಿ ನಿಲ್ಲಬೇಕಾಯಿತು. ಮನೆ, ಕಾರ್ಖಾನೆ ಮಾರಿ ಬಂದದ್ದನ್ನು ಎಲ್ಲರಿಗೂ ಹಂಚಿದರು. ಅಡುಗೆಯ ಪಾತ್ರೆ, ಹಾಸಿಗೆ, ನನ್ನ ತಾಳಿ ಉಳಿದವು. ಇವರು ಕೈಯಾರೆ ಹೊಲಿಯುತ್ತಿದ್ದ ಹಳೆಯ ಮಷಿನ್ನೂ ಉಳಿಯಿತು. ದುಡಿದು ತಿನ್ನುವ ಉಪಕರಣವನ್ನು ಕಾನೂನು ನಮಗೇ ಬಿಟ್ಟಿತು.

ಹತ್ತಿರದ ಚಾಳಿನ ಒಂದು ಕೋಣೆಯಲ್ಲಿ ಬಾಡಿಗೆಗೆ ನಿಂತೆವು. ಆ ಮಷಿನ್ನೇ ನಮ್ಮನ್ನು ಸಾಕಿತು. ಕೆಲವು ವರ್ಷಗಳ ನಂತರ ಕೋರ್ಟು ಬಿಡುಗಡೆಯ ಆದೇಶ ಕೊಟ್ಟು, ಡಿಕ್ರಿಯ ಸಾಲವೂ ಸೇರಿ ಆ ಸಾಲಗಳೆಲ್ಲದರಿಂದ ಇವರನ್ನು ಮುಕ್ತರನ್ನಾಗಿ ಮಾಡಿತು. ಆಮೇಲೆ ಹಬ್ಬ ಬಂದಾಗಲೆಲ್ಲ ಶೋಭಾತಾಯಿಯ ಪ್ರಶ್ನೆಗೆ ಇವರ ಉತ್ತರ ಒಂದೇ: "ಆಮ್ಚೀ ಏಕ್ದಾ ಝಾಲೀ, ಬಸ್!" ನಮ್ಮದು ಒಮ್ಮೆ ಆಗಿದೆ, ಸಾಕು.

ಈ ವರ್ಷ ಇವರು ತೀರಿಕೊಂಡರು. ಮಾತಾಡಿಸಲು ಬಂದವರಲ್ಲಿ ಆ ಬಟ್ಟೆ ವ್ಯಾಪಾರಿಯೂ ಇದ್ದರು. ಎಲ್ಲರೂ ಹೋಗುವವರೆಗೆ ಕುಳಿತಿದ್ದು, "ತಂಗಿ, ನನ್ನ ಡಿಕ್ರಿ ಇನ್ನೂ ಹಂಗ ಐತಿ. ಹೋಗ್ಲಿ, ಆ ಮಷಿನ್ನರ ಕೊಟ್ಟುಬಿಡವಾ," ಎಂದರು.

ಮಷಿನ್ ಹೋದರೆ ನನ್ನ ಅನ್ನ ಹೋದಂತೆ. ಚಹಾದ ಲೋಟ ಅವರ ಮುಂದಿಟ್ಟೆ. "ನಿಮ್ಮ ಡಿಕ್ರಿ ಇವರಕಿಂತ ಮೊದಲ ಸತ್ತದ್ರಿ, ಅಣ್ಣಾರ. ಚಾ ಕುಡೀರಿ."

ಕುಡಿದರು. ಏಳುವಾಗ, "ಭಾಳ ನಗಸ್ತಿದ್ದ ಮನಷ್ಯಾ," ಎಂದರು.

ಈಗ ಆ ಮಷಿನ್ ನಾನು ತುಳಿಯುತ್ತೇನೆ. ಮೊನ್ನೆ ಡಬ್ಬಿ ಇಡುತ್ತ ಶೋಭಾತಾಯಿ ರೂಢಿಯಂತೆ, "ದಿವಾಳೀಚೀ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡರು. "ಆಮ್ಚೀ ಏಕ್ದಾ ಝಾಲೀ, ಬಸ್," ಎಂದೆ ನಾನು. ಶೋಭಾತಾಯಿ ನಗಲಿಲ್ಲ. ಮಾತು ಅದೇ. ಆಡುತ್ತಿದ್ದವರು ಇಲ್ಲ.